ಹತ್ತನೇ ಕಾಡು

ಈ ಆಟ ಆಡಬೇಕೆಂದರೆ ಮೊದಲು ತಿಳಿದುಕೊಳ್ಳಬೇಕಾದದ್ದು ಗಾಳಿಯ ವಿಷಯ. ಗ್ರಹದ ಮೇಲೆ ಗಾಳಿ ಇಲ್ಲ. ನೌಕೆಯಿಂದ ಇಳಿದು ನೀವೊಂದು ಗುಮ್ಮಟ ಕಟ್ಟುತ್ತೀರಿ, ಅದರೊಳಗೆ ನಿಮ್ಮ ಜನ ಇರುತ್ತಾರೆ, ಪ್ರತಿ ಸುತ್ತು ಮುಗಿದಾಗ ಆ ಗುಮ್ಮಟ ಒಂದು ನೀಲಿ ಬಿಲ್ಲೆ ಗಾಳಿಯನ್ನು ನುಂಗುತ್ತದೆ. ಬಿಲ್ಲೆ ಇಲ್ಲವೆಂದರೆ ಗುಮ್ಮಟವನ್ನು ಎತ್ತಿ ಡಬ್ಬಿಗೆ ಹಾಕಬೇಕು. ಒಳಗಿದ್ದವರ ಗತಿಯೇನು ಎಂದು ನಾನು ಕೇಳಿದಾಗ ಜೀರುಂಡೆ ನನ್ನ ಮುಖವನ್ನೂ ನೋಡದೆ, "ಸತ್ರು" ಎಂದಳು.

ಜೀರುಂಡೆ ನನ್ನ ಗಂಡನ ಮಗಳು. ಹನ್ನೆರಡು ವರ್ಷ. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಮಗುವೆಂದು ಅವಳಪ್ಪ ಇಟ್ಟ ಅಡ್ಡಹೆಸರಂತೆ ಅದು. ನನ್ನ ಮುಂದೆ ಮಾತ್ರ ಅವಳು ಆ ಹೆಸರಿಗೆ ಮರ್ಯಾದೆ ಕೊಡಲಿಲ್ಲ. ನಮ್ಮ ಮನೆಗೆ ಬಂದ ಮೊದಲ ಒಂಬತ್ತು ದಿನ ಅವಳು ನನ್ನೊಂದಿಗೆ ಆಡಿದ ಮಾತನ್ನು ಬೆರಳಲ್ಲಿ ಎಣಿಸಬಹುದಿತ್ತು. ಅದರಲ್ಲೂ ಅರ್ಧ "ಬೇಡ" ಎನ್ನುವುದೇ. ಟೀ ಬೇಕಾ, ಬೇಡ. ಕಿಟಕಿ ತೆಗೆಯಲಾ, ಬೇಡ. ಅವಳಿಗೆಂದು ಕಪಾಟಿನಲ್ಲಿ ಎರಡು ಅರೆಗಳನ್ನು ಖಾಲಿ ಮಾಡಿ ಕಾಗದ ಹಾಸಿಟ್ಟಿದ್ದೆ. ಅವಳು ಬಟ್ಟೆಯನ್ನು ಚೀಲದಿಂದಲೇ ತೆಗೆದು, ಒಗೆದು ಒಣಗಿದ ಮೇಲೆ ಮತ್ತೆ ಚೀಲಕ್ಕೇ ತುರುಕುತ್ತಿದ್ದಳು.

ಅವಳ ತಾಯಿ ತೀರಿಕೊಂಡು ಐದು ವರ್ಷವಾಗಿತ್ತು. ಅಪ್ಪ ಬಸ್ ಡ್ರೈವರ್. ಬೆಳಿಗ್ಗೆ ನಾಲ್ಕಕ್ಕೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ, ಪಾಳಿ ಹೇಗೆ ಬಂದರೆ ಹಾಗೆ ಏಳುವ ಮನುಷ್ಯ. ಏಳು ವರ್ಷದ ಮಗುವನ್ನು ನೋಡಿಕೊಳ್ಳಲಾಗದೆ ತಾಯಿಯ ತಾಯಿಯ ಹತ್ತಿರ ಬಿಟ್ಟಿದ್ದರು. ಅಜ್ಜಿ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದಾದಿಯಾಗಿದ್ದವರು, ನಾಲ್ಕು ಗಂಟೆ ದೂರದ ಊರಿನಲ್ಲಿದ್ದಾರೆ. ನಮ್ಮ ಮದುವೆಯಾಗಿ ಎಂಟು ತಿಂಗಳಾದ ಮೇಲೆ ಡ್ರೈವರ್ ಸಾಹೇಬರು ಮಗಳನ್ನು ಕರೆತರುವ ಮಾತೆತ್ತಿದರು. ಅಜ್ಜಿ ಆಗುವುದಿಲ್ಲ ಎನ್ನಲಿಲ್ಲ. "ಆರು ವಾರ ರಜೆ ಇದೆ. ಬಂದು ಇರಲಿ. ಶಾಲೆ ಶುರುವಾಗೋ ಹಿಂದಿನ ದಿನ ನಾನು ಬರ್ತೀನಿ. ಅಲ್ಲಿರ್ತೀನಿ ಅಂದ್ರೆ ಅಲ್ಲಿರ್ಲಿ, ಬರ್ತೀನಿ ಅಂದ್ರೆ ಕರ್ಕೊಂಡು ಬರ್ತೀನಿ. ಅವಳೇ ಹೇಳ್ಲಿ. ಯಾರೂ ಅವಳ ಬಾಯಿಗೆ ಮಾತು ತುರುಕಬೇಡಿ," ಎಂದರು. ಎರಡೂ ಊರಿನ ಶಾಲೆಯವರು ಜಾಗ ಕೊಟ್ಟಿದ್ದರು. ಬಾಕಿ ಇದ್ದದ್ದು ಅವಳ ಒಂದು ಮಾತು.

ನನ್ನ ವಿಷಯ ಹೇಳಿಬಿಡುತ್ತೇನೆ. ನನಗೆ ನಲವತ್ತೆರಡು. ಇಪ್ಪತ್ತು ವರ್ಷದಿಂದ ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಕತ್ತರಿಸುತ್ತಿದ್ದೇನೆ. ಹನ್ನೊಂದು ವರ್ಷ ಬೆಳಗಿನ ಮೊದಲ ಬಸ್ಸಿನಲ್ಲಿ ಡ್ರೈವರ್ ಸೀಟಿನ ಪಕ್ಕ ನಿಂತು, ಬ್ರೇಕ್ ಹಾಕುವುದಕ್ಕೆ ಬರುವುದಿಲ್ಲವೇ ಎಂದು ಬೈದುಕೊಂಡೇ ಹೋಗಿ, ಕೊನೆಗೆ ಅದೇ ಡ್ರೈವರನ್ನು ಮದುವೆಯಾದವಳು. ಕೋಪ ಮೂಗಿನ ತುದಿಯಲ್ಲೇ ಇದೆ ಎನ್ನುತ್ತಾರೆ, ಇರಬಹುದು. ಮಕ್ಕಳ ಆಸೆಯನ್ನೆಲ್ಲ ಎಂದೋ ಮಡಿಸಿ ಒಳಗಿಟ್ಟಿದ್ದೆ. ಈ ಹುಡುಗಿ ಬಂದ ಮೂರನೆಯ ದಿನ, ಬಿಸ್ಕತ್ತಿನ ತಟ್ಟೆಯಲ್ಲಿ ಮುರಿದ ಬಿಸ್ಕತ್ತುಗಳನ್ನೇ ಆರಿಸಿ ತಾನು ತೆಗೆದುಕೊಂಡು ಇಡಿಯವನ್ನು ಅಪ್ಪನ ಕಡೆ ತಳ್ಳುವುದನ್ನು ನೋಡಿದೆ. ಅಷ್ಟೇ. ಇವಳು ಇಲ್ಲೇ ಇರಬೇಕು ಎಂದು ಆಸೆಯಾಯಿತು.

ಹತ್ತನೆಯ ದಿನ ಭಾನುವಾರ. ಡ್ರೈವರ್ ಸಾಹೇಬರು ಕಪಾಟಿನ ಮೇಲಿಂದ ಮೂಲೆ ಸವೆದ ಒಂದು ದೊಡ್ಡ ಪೆಟ್ಟಿಗೆ ಇಳಿಸಿದರು. ಬಿಚ್ಚಿದರೆ ಆರು ಮೂಲೆಯ ಮನೆಗಳಿರುವ ಇಟ್ಟಿಗೆ ಬಣ್ಣದ ಬೋರ್ಡು, ಚೀಲಚೀಲ ಬಿಲ್ಲೆ, ಬೆರಳುಗುರಿನಷ್ಟು ದೊಡ್ಡ ಗುಮ್ಮಟಗಳು, ಹಸಿರು ಕಾಡುಗಳು. ಮೂವರೂ ಮೇಜಿನ ಸುತ್ತ ಕೂತೆವು. ನಿಯಮ ಹೇಳಿಕೊಡುವ ಕೆಲಸ ಜೀರುಂಡೆಯ ಪಾಲಿಗೆ ಬಂತು. ಅವಳು ಗೋಡೆ ನೋಡುತ್ತ ಪಾಠ ಒಪ್ಪಿಸಿದಳು.

"ಒಂದು ಸರದಿಗೆ ಎರಡೇ ಕೆಲಸ. ಮನೆ ಮಗುಚಿ ನೋಡಬಹುದು. ಅಗೆದು ಅಲ್ಲಿರೋ ಗಾಳಿ, ನೀರು, ಕಬ್ಬಿಣ ತಗೋಬಹುದು. ಗುಮ್ಮಟ ಕಟ್ಟಬಹುದು, ಅದಕ್ಕೊಂದು ಕಬ್ಬಿಣ ಕೊಡಬೇಕು. ಕಾಡು ಬೆಳೆಸಬಹುದು, ಅದಕ್ಕೆ ಮೂರು ನೀರು. ನಾಲ್ಕರಲ್ಲಿ ಎರಡು. ಮೂರನೇದು ಮಾಡಿದ್ರೆ ಮೋಸ."

"ಗೆಲ್ಲೋದು ಹೇಗೆ?" ಎಂದೆ.

"ಗ್ರಹದ ಮೇಲೆ ಹತ್ತನೇ ಕಾಡು ಬಂದ ತಕ್ಷಣ ಆಟ ಮುಗೀತು. ಕಾಡು ಯಾರು ಬೆಳೆಸಿದ್ರು ಅನ್ನೋದು ಮುಖ್ಯ ಅಲ್ಲ. ಆಗ ಯಾರ ಊರು ದೊಡ್ದೋ ಅವ್ರು ಗೆದ್ರು. ಊರು ಅಂದ್ರೆ ಒಂದಕ್ಕೊಂದು ತಾಗಿರೋ ಗುಮ್ಮಟಗಳು. ತಾಗಿದ್ರೆ ಎಷ್ಟೇ ಗುಮ್ಮಟ ಇರ್ಲಿ, ಎಲ್ಲಕ್ಕೂ ಸೇರಿ ಒಂದೇ ಬಿಲ್ಲೆ ಗಾಳಿ ಸಾಕು. ಬಿಡಿಬಿಡಿಯಾಗಿದ್ರೆ ಒಂದೊಂದಕ್ಕೂ ಒಂದೊಂದು."

ನನ್ನ ಕಿವಿ ಇದನ್ನೆಲ್ಲ ಸರಿಯಾಗಿಯೇ ಕೇಳಿಸಿಕೊಂಡಿತು. ಕೈಗೆ ಮಾತ್ರ ಕೇಳಿಸಲಿಲ್ಲ. ಮೊದಲ ಗುಮ್ಮಟ ಇಟ್ಟೆ. ಎರಡನೆಯದನ್ನು ನಡುವೆ ಒಂದು ಮನೆ ಬಿಟ್ಟು ಇಟ್ಟೆ. ಮೂರನೆಯದನ್ನು ಮತ್ತೊಂದು ಮನೆ ಬಿಟ್ಟು ಇಟ್ಟೆ. ನನ್ನ ಕಣ್ಣಿಗೆ ಅದು ಬಹಳ ಚೆನ್ನಾಗಿ ಕಾಣುತ್ತಿತ್ತು. ಡ್ರೈವರ್ ಸಾಹೇಬರು ತಮ್ಮ ಗುಮ್ಮಟಗಳನ್ನು ಬಸ್ ಸ್ಟಾಪುಗಳ ಹಾಗೆ ಒಂದೇ ಗೆರೆಯಲ್ಲಿ ಸಾಲಾಗಿ ಕಟ್ಟುತ್ತ ಹೋದರು. ಸುತ್ತಿನ ಕೊನೆಗೆ ಮಗುಚುವ ಬಿರುಗಾಳಿಯ ಚೀಟಿ ಒಂದು ಸಾಲನ್ನು ಪೂರ್ತಿ ಗುಡಿಸಿಕೊಂಡು ಹೋಗುತ್ತದೆ. ಮೂರನೆಯ ಸುತ್ತಿಗೆ ಅವರ ಊರು ಮೊದಲ ಸ್ಟಾಪಿನಿಂದ ಕೊನೆಯ ಸ್ಟಾಪಿನವರೆಗೆ ಒಂದೇ ಏಟಿಗೆ ಡಬ್ಬಿ ಸೇರಿತು. ಅವರು ಕುರ್ಚಿಯಲ್ಲೇ ನಿದ್ದೆ ಹೋದರು.

"ಅಲ್ಲಿ ಯಾಕೆ ಖಾಲಿ ಬಿಟ್ರಿ?" ಎಂದಳು ಜೀರುಂಡೆ.

"ಇರ್ಲಿ ಬಿಡು," ಎಂದೆ.

ಆ ಮಾತು ಆಡಬಾರದಿತ್ತು. ಐದನೆಯ ಸುತ್ತಿಗೆ ನನ್ನ ಆರು ಗುಮ್ಮಟಕ್ಕೆ ಆರು ಬಿಲ್ಲೆ ಗಾಳಿ ಬೇಕಾಗಿ, ನನ್ನ ಹತ್ತಿರ ಎರಡೇ ಇದ್ದು, ನಾಲ್ಕು ಡಬ್ಬಿಗೆ ಹೋದವು. ಮುಂದಿನ ಸುತ್ತಿಗೆ ಉಳಿದೆರಡೂ ಹೋದವು. ಅವಳ ಒಂಬತ್ತು ಗುಮ್ಮಟಗಳು ಮೈಗೆ ಮೈ ತಾಗಿಸಿಕೊಂಡು ಒಂದೇ ಬಿಲ್ಲೆಯಲ್ಲಿ ಸುಖವಾಗಿದ್ದವು. ಗೆದ್ದ ಹುಡುಗಿ ಕುಣಿಯಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು ಎದ್ದು ನಿಂತಳು.

"ಬೇಕಂತಲೇ ಸೋತ್ರಿ."

"ಇಲ್ಲಮ್ಮ, ನಂಗೆ ನಿಜವಾಗ್ಲೂ..."

"ಅಷ್ಟು ದಡ್ಡರು ಯಾರೂ ಇರಲ್ಲ! ತಾಗಿಸಿ ಇಡಿ ಅಂತ ಹೇಳಿದ್ದೆ ತಾನೇ? ಸುಮ್ನೆ ಸೋತ್ರಿ ನೀವು. ಅಮ್ಮನ ಥರ!"

ಕೋಣೆಯ ಬಾಗಿಲು ದಡಾರನೆ ಹಾಕಿಕೊಂಡಿತು. ಡ್ರೈವರ್ ಸಾಹೇಬರಿಗೆ ಎಚ್ಚರವಾಯಿತು. ನನಗೆ ತಲೆಬುಡ ಅರ್ಥವಾಗಲಿಲ್ಲ. ದಡ್ಡಿ ಎನ್ನಿಸಿಕೊಂಡದ್ದಕ್ಕೆ ಕೋಪ ಮಾಡಿಕೊಳ್ಳಬೇಕೋ, ತಾಯಿಗೆ ಹೋಲಿಸಿಕೊಂಡದ್ದಕ್ಕೆ ಹೆದರಬೇಕೋ ತಿಳಿಯದೆ ಬಿಲ್ಲೆಗಳನ್ನು ಬಣ್ಣಬಣ್ಣವಾಗಿ ಬೇರ್ಪಡಿಸುತ್ತ ಕೂತೆ.

ಆಮೇಲೆ ಅವರು ಹೇಳಿದರು. ತಾಯಿ ಹಾಸಿಗೆ ಹಿಡಿದ ಕೊನೆಯ ತಿಂಗಳುಗಳಲ್ಲಿ ಈ ಬೋರ್ಡನ್ನು ಮಂಚದ ಮೇಲೆ ಹರಡಿಕೊಂಡು ಮಗಳೊಂದಿಗೆ ಆಡುತ್ತಿದ್ದಳಂತೆ. ಒಂದಾಟವನ್ನೂ ಗೆಲ್ಲಲಿಲ್ಲವಂತೆ. ಮಗುವಿಗೆ ತಾನು ಮಹಾ ಆಟಗಾತಿ ಎಂಬ ಹೆಮ್ಮೆ. "ಅವಳು ಗೆಲ್ಲಿಸ್ತಾ ಇದ್ಲು ಅಂತ ಆಮೇಲೆ ಯಾರೋ ಹೇಳ್ಬಿಟ್ರು. ಯಾರು ಅಂತ ಕೇಳ್ಬೇಡ," ಎಂದರು. ಮುಖ ನೋಡಿದರೆ ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ.

ಈಗ ನಾನು ದಡ್ಡಿಯೆಂದು ಸಾಬೀತು ಮಾಡಬೇಕಿತ್ತು. ಯೋಚಿಸಿ ನೋಡಿದರೆ ನನ್ನ ತಪ್ಪಿನ ಮೂಲ ನನ್ನ ಕೈಯಲ್ಲೇ ಇತ್ತು. ಶನಿವಾರ ನಮಗೆ ಅರ್ಧ ದಿನ ಕೆಲಸ. "ನಂಜೊತೆ ಬಾ, ಒಂದು ತೋರಿಸ್ಬೇಕು," ಎಂದೆ. ಬೇಡ ಎಂದಳು. "ನಾನು ಬೇಕಂತ ಸೋತೆನೋ ಇಲ್ವೋ ಅನ್ನೋದಕ್ಕೆ ಸಾಕ್ಷಿ ಇದೆ ಅಲ್ಲಿ," ಎಂದೆ. ಚಪ್ಪಲಿ ಹಾಕಿಕೊಂಡಳು.

ನಮ್ಮದು ಸ್ಯಾಂಪಲ್ ವಿಭಾಗ. ಸಾವಿರಾರು ಅಂಗಿ ಹೊಲಿಯುವ ಮುಂಚೆ ಒಂದು ಅಂಗಿಯನ್ನು ಕೈಯಲ್ಲೇ ಕತ್ತರಿಸಿ ಹೊಲಿದು ನೋಡುವ ಜಾಗ. ಎತ್ತರದ ಉದ್ದನೆಯ ಮೇಜು, ಮೇಲೆ ಸಾಲು ಟ್ಯೂಬ್‌ಲೈಟು, ಒಂದು ತುದಿಯಲ್ಲಿ ಭಾರಕ್ಕಿಡುವ ಕಬ್ಬಿಣದ ತುಂಡುಗಳು. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಬಟ್ಟೆ ಹಾಸಿ, ರಟ್ಟಿನ ನಮೂನೆಗಳನ್ನು ಇಡತೊಡಗಿದೆ. ಬೆನ್ನು, ಎದೆ, ಎರಡು ತೋಳು, ಕಾಲರ್. ಒಂದೊಂದರ ಸುತ್ತಲೂ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಆ ಗೆರೆಯಿಂದ ಅರ್ಧ ಇಂಚು ಆಚೆಗೆ ಇನ್ನೊಂದು ಗೆರೆ.

"ಇದೇನು?" ಎಂದಳು.

"ಮಾರ್ಜಿನ್. ಹೊಲಿಗೆಗೆ ಬಿಡೋ ಜಾಗ. ಎರಡು ತುಂಡನ್ನ ತಾಗಿಸಿ ಕತ್ತರಿಸಿದ್ರೆ ಹೊಲಿಯೋಕೆ ಏನೂ ಉಳಿಯಲ್ಲ. ಅಂಗಿ ಹಾಳು. ಕೆಲಸಕ್ಕೆ ಸೇರಿದ ಮೊದಲ ವಾರ ಹಾಗೆ ಮಾಡಿದ್ದಕ್ಕೆ ನಮ್ಮ ದೊಡ್ಡ ಮೇಸ್ತ್ರಿ ಸ್ಕೇಲಲ್ಲಿ ಕೈಮೇಲೆ ಬಿಟ್ಟಿದ್ರು. ಆವತ್ತಿಂದ ನಾನು ಏನನ್ನ ಎಲ್ಲಿಟ್ರೂ ಸುತ್ತ ಜಾಗ ಬಿಟ್ಟೇ ಇಡೋದು. ಅಡುಗೆಮನೇಲಿ ಡಬ್ಬಿ ನೋಡು ಬೇಕಾದ್ರೆ."

ಅವಳು ಯೋಚಿಸಿದಳು. ನಮ್ಮ ಅಡುಗೆಮನೆಯ ಡಬ್ಬಿಗಳನ್ನು ನೆನಪು ಮಾಡಿಕೊಳ್ಳುತ್ತಿದ್ದಳೆಂದು ತೋರುತ್ತದೆ. ಅವು ನಿಜವಾಗಿಯೂ ಒಂದಕ್ಕೊಂದು ಮುನಿಸಿಕೊಂಡವರ ಹಾಗೆ ದೂರ ದೂರ ಕೂತಿರುತ್ತವೆ. ಅಷ್ಟರಲ್ಲಿ ಹೊಲಿಗೆಯವಳೊಬ್ಬಳು ಬಂದು, "ಮಾಸ್ಟ್ರೇ, ಈ ಕಾಲರ್ ಸ್ವಲ್ಪ ನೋಡಿ," ಎಂದಳು. ಇನ್ನೊಬ್ಬ ಬಂದು, "ಮಾಸ್ಟ್ರೇ, ಜೇಬು ಎಡಕ್ಕಾ ಬಲಕ್ಕಾ?" ಎಂದ. ಜೀರುಂಡೆ ಎಲ್ಲವನ್ನೂ ಕಣ್ಣರಳಿಸಿ ನೋಡಿದಳು. ಮನೆಯಲ್ಲಿ ಬರಿಯ "ಬೇಡ" ಕೇಳಿಸಿಕೊಳ್ಳುವ ಹೆಂಗಸಿಗೆ ಇಲ್ಲಿ ಇಷ್ಟೊಂದು ಬೆಲೆ ಇದೆಯಲ್ಲ ಎಂದು ಅವಳಿಗೆ ಆಶ್ಚರ್ಯವಾಗಿರಬೇಕು. ನನಗೂ ಸ್ವಲ್ಪ ಜಂಬ ಬಂತು. ಅಳೆಯಬೇಕಿಲ್ಲದ ಕಾಲರಿಗೂ ಎರಡು ಸಲ ಟೇಪು ಹಿಡಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡು ಮಾತಾಡಿದಳು.

"ಅಮ್ಮ ಮೂವತ್ತೊಂದು ಆಟ ಸೋತ್ಲು. ನಾನು ಗೋಡೆ ಮೇಲೆ ಗೀಟು ಹಾಕಿಟ್ಟಿದ್ದೆ. ಆಮೇಲೆ ಅಜ್ಜಿ ಮನೇಲೂ ಎಲ್ಲರೂ ಸೋಲೋಕೆ ಶುರು ಮಾಡಿದ್ರು. ಪಕ್ಕದ ಮನೆಯವರೂ. ಟೀಚರೂ. ಓಟದಲ್ಲಿ ನನ್ನ ಗೆಳತೀರೂ ನಿಧಾನ ಓಡ್ತಾರೆ. ಪಾಪ ಅಂತೆ. ನಂಗೆ ಗೊತ್ತಾಗಲ್ವಾ?"

ನಾನು ಟಿಕೆಟ್ಟನ್ನು ಮಡಿಸುತ್ತ ಕೇಳಿಸಿಕೊಂಡೆ.

"ಅಮ್ಮ ಒಂದಾಟ ನಿಜವಾಗಿ ಆಡಿದ್ರೆ ಚೆನ್ನಾಗಿತ್ತು," ಎಂದಳು. "ಅವಳು ಹೆಂಗೆ ಆಡ್ತಾಳೆ ಅಂತಲೇ ನಂಗೆ ಗೊತ್ತಿಲ್ಲ."

ತಬ್ಬಿಕೊಳ್ಳಬೇಕೆನಿಸಿತು. ಆದರೆ ತಬ್ಬಿಕೊಂಡಿದ್ದರೆ ಅದೂ ಪಾಪದ ಪಟ್ಟಿಗೇ ಸೇರುತ್ತಿತ್ತು. ಹಾಗಾಗಿ ಒರಟಾಗಿಯೇ ಹೇಳಿದೆ: "ನೋಡು, ನಂಗೆ ಸೋಲೋದು ಅಂದ್ರೆ ಆಗಲ್ಲ. ಹೋದವಾರ ಸೋತಿದ್ದು ದಡ್ಡತನದಿಂದ. ನನ್ನ ಕೈಲಿ ಗೆಲ್ಲೋಕೆ ಆಗೋ ದಿನ ನಾನು ನಿನ್ನ ಬಿಡೋದೇ ಇಲ್ಲ. ಚಿಕ್ಕವಳು ಅಂತಾನೂ ನೋಡಲ್ಲ."

"ನಿಜ?"

"ನಿಜ."

"ಮಾಸ್ಟ್ರೇ," ಎಂದಳು, ಗಾರ್ಮೆಂಟ್ಸ್‌ನವರ ಧಾಟಿಯಲ್ಲೇ, "ಆ ದಿನ ಬರಲ್ಲ ಬಿಡಿ."

ಅಂದಿನಿಂದ ಜೀರುಂಡೆಗೆ ಅವಳ ಹೆಸರು ವಾಪಸು ಬಂತು. ಅಬ್ಬಾ, ಆ ಬಾಯಿ! ಸಂಜೆ ನಾನು ಕೆಲಸದಿಂದ ಬರುವಷ್ಟರಲ್ಲಿ ಬೋರ್ಡು ಹರಡಿರುತ್ತಿತ್ತು. ಮುಖ ತೊಳೆಯಲೂ ಬಿಡುತ್ತಿರಲಿಲ್ಲ. ನನ್ನ ಕೈ ಗುಮ್ಮಟ ಹಿಡಿದು ಬೋರ್ಡಿನ ಮೇಲೆ ಬಂದರೆ ಸಾಕು, "ಮಾರ್ಜಿನ್! ಮಾರ್ಜಿನ್!" ಎಂದು ಕೂಗುತ್ತಿದ್ದಳು. "ಇಲ್ಲಿ ಹೊಲಿಗೆ ಇಲ್ಲ ಮಾಸ್ಟ್ರೇ, ಅಂಟಿಸಿ ಇಡಿ." ಮೊದಲು ನೀರು ಕೂಡಿಟ್ಟುಕೊಳ್ಳಬೇಕು, ಕಬ್ಬಿಣ ಕೈಗೆ ಬಂದ ಕೂಡಲೇ ಖರ್ಚು ಮಾಡಬೇಕು, ಬೋರ್ಡಿನ ಅಂಚಿನಲ್ಲಿ ಊರು ಕಟ್ಟಬಾರದು, ಎದುರಾಳಿಯ ಊರು ಬೆಳೆಯುವ ದಿಕ್ಕಿಗೆ ತಾನೇ ಒಂದು ಗುಮ್ಮಟ ಇಟ್ಟು ದಾರಿ ಅಡ್ಡಗಟ್ಟಬೇಕು. ಎಲ್ಲವನ್ನೂ ಹೇಳಿಕೊಟ್ಟಳು. ಹೇಳಿಕೊಟ್ಟು ನನ್ನನ್ನು ಬಟ್ಟೆ ಒಗೆದ ಹಾಗೆ ಒಗೆದಳು.

ಪ್ರತಿ ಸೋಲಿನ ನಂತರ ಪೊಲೀಸ್ ವಿಚಾರಣೆ ಬೇರೆ. ಈ ಮನೆಯಲ್ಲಿ ಅಗೆಯದೆ ಅಲ್ಲಿ ಯಾಕೆ ಅಗೆದಿರಿ? ಮೂರು ನೀರಿದ್ದರೂ ಕಾಡು ಯಾಕೆ ಬೆಳೆಸಲಿಲ್ಲ? ನಾನು ಒಂದೊಂದಕ್ಕೂ ಕಾರಣ ಕೊಡಬೇಕು. ಕಾರಣ ದಡ್ಡತನದ್ದಾಗಿದ್ದರೆ ಅವಳಿಗೆ ಸಮಾಧಾನ. "ಸರಿ, ಇದು ಒರಿಜಿನಲ್ ಸೋಲು," ಎಂದು ತೀರ್ಪು ಕೊಟ್ಟು ಊಟಕ್ಕೇಳುತ್ತಿದ್ದಳು. ರಜೆ ಮುಗಿಯುವ ಹೊತ್ತಿಗೆ ನಾನು ಇಪ್ಪತ್ತೆರಡು ಒರಿಜಿನಲ್ ಸೋಲು ಸೋತಿದ್ದೆ. ಅಷ್ಟು ಖುಷಿಯಾಗಿ ನಾನು ಜನ್ಮದಲ್ಲಿ ಯಾವುದನ್ನೂ ಸೋತವಳಲ್ಲ. ಆದರೂ ಬಟ್ಟೆ ಮಾತ್ರ ಚೀಲದಲ್ಲೇ ಇತ್ತು, ಅರೆಗಳು ಖಾಲಿಯೇ ಇದ್ದವು. ಅವಳೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಜ್ಜಿ ಕೇಳಬೇಡಿ ಎಂದಿದ್ದರಲ್ಲ.

ಕೊನೆಯ ವಾರ ಡ್ರೈವರ್ ಸಾಹೇಬರು ಚಡಪಡಿಸತೊಡಗಿದರು. ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ನನ್ನ ಹಿಂದೆ ಬಂದು ನಿಂತರು.

"ಇವತ್ತೊಂದು ದಿನ ನೀನು ಹೆಂಗಾದ್ರೂ ಸೋತ್ಬಿಡು. ಅವಳ ಮನಸ್ಸು ಚೆನ್ನಾಗಿರ್ಲಿ. ಅಜ್ಜಿ ಕೇಳಿದಾಗ ಇಲ್ಲೇ ಇರ್ತೀನಿ ಅಂದ್ರೂ ಅನ್ನಬಹುದು."

"ರೀ, ಇಪ್ಪತ್ತೆರಡು ಸಲ ಸೋತಿದೀನಿ. ಇವತ್ತು ಗೆಲ್ತೀನಿ ಅಂತ ಯಾಕೆ ಅನ್ಸುತ್ತೆ ನಿಮ್ಗೆ?"

"ನಿನ್ನೆ ಸ್ವಲ್ಪದರಲ್ಲೇ ತಪ್ಪಿತು, ನಾನು ನೋಡ್ದೆ. ಒಂದಾಟ ಸೋತ್ರೆ ನಿನ್ನ ಗಂಟೇನು ಹೋಗುತ್ತೆ?"

"ಹೋಗಿ, ಬಸ್ ಸ್ಟಾಪ್ ಕಟ್ಕೊಳಿ," ಎಂದು ಓಡಿಸಿದೆ. ಆದರೆ ಮಾತು ತಲೆಯೊಳಗೆ ಕೂತಿತು.

ಅಜ್ಜಿ ಮಧ್ಯಾಹ್ನ ಎರಡಕ್ಕೆ ಬಂದರು. ಸಣ್ಣ ಆಳು, ಬಿಳಿ ಕೂದಲು, ನೆಟ್ಟಗೆ ನಿಲ್ಲುವ ಹೆಂಗಸು. ಐದು ಗಂಟೆಯ ಬಸ್ಸಿಗೆ ಎರಡು ಸೀಟು ಹಿಡಿದಿಟ್ಟಿದ್ದರು, ಬೇಡವಾದರೆ ಒಂದು ಬಿಡಬಹುದು ಎಂದರು. ಜೀರುಂಡೆ ಅವರನ್ನು ಅಪ್ಪಿಕೊಂಡು ಎಷ್ಟೋ ಹೊತ್ತು ಬಿಡಲಿಲ್ಲ. ನಾನೇನು ಅಂದುಕೊಂಡಿದ್ದೆ? ಐದು ವರ್ಷ ಜ್ವರ ಬಂದಾಗ ಹಣೆ ಮುಟ್ಟಿದ ಕೈ ಅದು. ನನ್ನದು ಆರು ವಾರದ ಬಿಲ್ಲೆ ಬೋರ್ಡಿನ ನೆಂಟಸ್ತನ.

"ಅಜ್ಜಿ, ಒಂದಾಟ ನೋಡು. ಆಮೇಲೆ ಮಾತಾಡೋಣ," ಎಂದು ಅವಳು ಬೋರ್ಡು ಹರಡಿದಳು. ಅಜ್ಜಿ ತಮ್ಮ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಡ್ರೈವರ್ ಸಾಹೇಬರು ಎಂದಿನಂತೆ ಮೂರನೆಯ ಸುತ್ತಿಗೆ ಬಿರುಗಾಳಿಗೆ ಸಿಕ್ಕಿ, ಟೀ ಮಾಡಲು ಎದ್ದು ಹೋದರು. ಉಳಿದವರು ನಾವಿಬ್ಬರು.

ಆ ದಿನ ನನಗೆ ಏನಾಗಿತ್ತೋ, ಆಟದಲ್ಲಿ ಮನಸ್ಸೇ ಇರಲಿಲ್ಲ. ಕಣ್ಣು ಅವಳ ಮುಖದ ಮೇಲೆ, ಗಡಿಯಾರದ ಮೇಲೆ. ಕೈ ತನ್ನ ಪಾಡಿಗೆ ತಾನು ಕಟ್ಟುತ್ತಿತ್ತು. ಹಾಗೆ ಬಿಟ್ಟರೆ ಕೈ ಏನು ಮಾಡುತ್ತದೆಂದು ಹೇಳಬೇಕಾಗಿಲ್ಲ. ಗ್ರಹದ ಮೇಲೆ ಒಂಬತ್ತು ಕಾಡು ಬೆಳೆದಿದ್ದವು. ಅವಳ ಊರಿನಲ್ಲಿ ಎಂಟು ಗುಮ್ಮಟ, ಕೈಯಲ್ಲಿ ಮೂರು ನೀರು. ಮುಂದಿನ ಸರದಿಗೆ ಹತ್ತನೇ ಕಾಡು ಬೆಳೆಸಿ ಆಟ ಮುಗಿಸಲು ಸಿದ್ಧಳಾಗಿದ್ದಳು. ನನ್ನ ಸರದಿ ಬಂದಾಗ, ನೀರು ಕುಡಿದು ಬರುತ್ತೇನೆಂದು ಒಳಗೆ ಹೋದಳು.

ಅಜ್ಜಿ ನನ್ನ ಕಡೆ ಬಾಗಿದರು. "ನಂಗೆ ಈ ಆಟ ಗೊತ್ತಿಲ್ಲಮ್ಮ. ಆದ್ರೂ ಮಗು ಗೆಲ್ಲೋ ಹಾಗೆ ಮಾಡು. ನಾವೆಲ್ಲ ಹಾಗೇ ಮಾಡೋದು. ನಗ್ತಾ ನಗ್ತಾ ಹೊರಡ್ಲಿ."

ಹೊರಡಲಿ! ಅವರ ಮನಸ್ಸಿನಲ್ಲಿ ಅದು ತೀರ್ಮಾನವಾಗಿಬಿಟ್ಟಿತ್ತು. ನಾನು ಬೋರ್ಡು ನೋಡಿದೆ. ಆಗಲೇ ಅದು ನನ್ನ ಕಣ್ಣಿಗೆ ಬಿದ್ದದ್ದು. ನನ್ನದು ಎರಡು ಊರು. ಒಂದರಲ್ಲಿ ಐದು ಗುಮ್ಮಟ, ಇನ್ನೊಂದರಲ್ಲಿ ನಾಲ್ಕು. ನಡುವೆ ಖಾಲಿ ಬಿದ್ದ ಒಂದೇ ಒಂದು ಮನೆ. ಎಂದಿನ ಮಾರ್ಜಿನ್. ಆ ಒಂದು ಮನೆಯಲ್ಲಿ ಗುಮ್ಮಟ ಇಟ್ಟರೆ ಎರಡೂ ಊರು ಕೂಡಿ ಹತ್ತಾಗುತ್ತದೆ. ನನ್ನ ಕೈಯಲ್ಲಿ ಒಂದು ಕಬ್ಬಿಣವಿತ್ತು, ಮೂರು ನೀರೂ ಇತ್ತು. ಒಂದು ಗುಮ್ಮಟ, ಒಂದು ಕಾಡು. ಎರಡು ಕೆಲಸ. ಆಟ ಮುಗಿಯಿತು.

ಜೀರುಂಡೆ ಬಂದು ಕೂತಳು. ಖಾಲಿ ಮನೆಯ ಕಡೆ ಅವಳ ಕಣ್ಣು ಒಂದು ಕ್ಷಣ ಹೋಗಿ ಚಟ್ಟನೆ ಬೇರೆಡೆಗೆ ತಿರುಗಿತು. ಓಹೋ, ಕಳ್ಳಿ! ಅವಳಿಗೆ ಅದು ಗೊತ್ತಿತ್ತು. ಅಲ್ಲಿ ತನ್ನದೊಂದು ಗುಮ್ಮಟ ಇಟ್ಟು ದಾರಿ ಕಟ್ಟಬಹುದಿತ್ತು. ಕಟ್ಟದೆ, ನನ್ನ ಅಭ್ಯಾಸವನ್ನು ನಂಬಿಕೊಂಡು ನೀರು ಕೂಡಿಸುತ್ತ ಕೂತಿದ್ದಳು.

ಈಗ ನಾನು ಬೇರೆಲ್ಲಾದರೂ ಗುಮ್ಮಟ ಇಟ್ಟರೆ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಮಾಸ್ಟ್ರಿಗೆ ಮತ್ತೆ ಕೈ ತಪ್ಪಿತು ಎನ್ನುತ್ತಾಳೆ. ಒರಿಜಿನಲ್ ಸೋಲು ಎಂದು ತೀರ್ಪು ಕೊಡುತ್ತಾಳೆ. ನಗುತ್ತಾಳೆ. ನಕ್ಕ ಬಾಯಲ್ಲೇ ಇಲ್ಲಿರುತ್ತೇನೆ ಎಂದರೂ ಎನ್ನಬಹುದು. ಗೆದ್ದರೆ? ಅವಳ ಕೋಪ ನನಗೆ ಗೊತ್ತು. ಬಾಗಿಲು ದಡಾರ್ ಎನ್ನುತ್ತದೆ, ಐದು ಗಂಟೆಯ ಬಸ್ಸು, ಎರಡು ಸೀಟು. ನನಗೆ ಆ ಮಗು ಬೇಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಗುಮ್ಮಟ ಹಿಡಿದ ನನ್ನ ಕೈ ಆ ಖಾಲಿ ಮನೆಯನ್ನು ದಾಟಿ ಮುಂದೆ ಹೋಯಿತು.

ಅವಳು ನನ್ನ ಕೈಯನ್ನೇ ಎವೆಯಿಕ್ಕದೆ ನೋಡುತ್ತಿದ್ದಳು. ಕೆಳತುಟಿ ಕಚ್ಚಿಕೊಂಡು. ಮೂವತ್ತೊಂದು ಆಟ ಗೆದ್ದು, ಎದುರಿಗೆ ಕೂತವಳು ಹೇಗೆ ಆಡುತ್ತಾಳೆಂದೇ ತಿಳಿಯದೆ ಉಳಿದ ಮಗು. ಅದರ ಮೇಲೆ ಮೂವತ್ತೆರಡನೆಯದನ್ನು ನಾನು ಹೇರುವುದೇ? ಅದೂ ಅವಳೇ ಕಲಿಸಿದ ಆಟದಲ್ಲಿ, ಅವಳಿಗೆ ಗೊತ್ತಾಗದ ಹಾಗೆ?

ಕೈ ಹಿಂದಕ್ಕೆ ತಂದೆ. ಗುಮ್ಮಟವನ್ನು ಖಾಲಿ ಮನೆಯಲ್ಲಿ ಇಟ್ಟೆ, ಎರಡೂ ಕಡೆ ತಾಗುವ ಹಾಗೆ ಅಂಟಿಸಿ ಇಟ್ಟೆ. ಮೂರು ನೀರು ಕೊಟ್ಟೆ. ಹತ್ತನೇ ಕಾಡು ನೆಟ್ಟೆ.

"ಹತ್ತು," ಎಂದೆ. "ನಿಂದು ಎಂಟು."

ಜೀರುಂಡೆ ಬೋರ್ಡು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಬೋರ್ಡು ನೋಡಿದಳು. ಅವಳ ಮೂಗು ಕೆಂಪಾಯಿತು. ಒಂದು ಮುಷ್ಟಿ ಬಿಲ್ಲೆ ತೆಗೆದು ಮೇಜಿಗೆ ಬಡಿದಳು. ಕೆಲವು ನೆಲಕ್ಕೆ ಹಾರಿದವು. ಆಮೇಲೆ ಜೋರಾಗಿ, ಆರು ವರ್ಷದ ಮಗುವಿನ ಹಾಗೆ ಅಳತೊಡಗಿದಳು.

"ನೋಡಿದ್ಯಾ, ಅಳಿಸ್ಬಿಟ್ಟೆ," ಎಂದರು ಅಜ್ಜಿ ನನಗೆ. ಅಡುಗೆಮನೆಯ ಬಾಗಿಲಲ್ಲಿ ಟೀ ತಟ್ಟೆ ಹಿಡಿದು ನಿಂತಿದ್ದ ಡ್ರೈವರ್ ಸಾಹೇಬರು ನನ್ನನ್ನು ನೋಡಿದ ನೋಟ ನಾನು ಮರೆಯುವಂಥದಲ್ಲ.

"ಎಷ್ಟೊತ್ತಿಂದ ಗೊತ್ತಿತ್ತು ನಿಮ್ಗೆ?" ಎಂದಳು ಜೀರುಂಡೆ, ಅಳುತ್ತಲೇ.

"ಈಗ ನೀನು ಒಳಗೆ ಹೋದಾಗ."

"ಸುಳ್ಳು."

"ನನ್ನ ಕತ್ತರಿ ಆಣೆಗೂ."

"ನೀವು ನೋಡಲ್ಲ ಅಂದ್ಕೊಂಡಿದ್ದೆ! ಮೂರು ಸುತ್ತಿಂದ ಅಲ್ಲೇ ಇತ್ತದು! ಅಲ್ಲೊಂದು ಗುಮ್ಮಟ ಇಟ್ಬಿಡಬೇಕಿತ್ತು ನಾನು. ಛೇ!" ತಲೆ ಚಚ್ಚಿಕೊಂಡಳು. ಲಂಗದ ಅಂಚಿನಲ್ಲಿ ಮೂಗು ಒರೆಸಿಕೊಂಡಳು. ಅಜ್ಜಿ ಕೈ ಚಾಚಿದರು, ಅವಳಿಗೆ ಅದು ಕಾಣಲಿಲ್ಲ. ಗುಮ್ಮಟಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸಿ ಚೀಲಗಳಿಗೆ ತುಂಬತೊಡಗಿದಳು, ಒಂ­ದೊಂದನ್ನೂ ಶಿಕ್ಷೆ ಕೊಡುವವಳ ಹಾಗೆ ಎಸೆಯುತ್ತ. ತುಂಬುತ್ತ ತುಂಬುತ್ತ ಗೊಣಗುತ್ತಿದ್ದಳು. "ಮುಂದಿನ ಭಾನುವಾರ ನಾನೇ ಮೊದಲು ಶುರು ಮಾಡೋದು. ಸೋತವರಿಗೆ ಮೊದಲ ಸರದಿ. ಅದು ನಿಯಮ. ನೀವು ಗೆದ್ದಿದ್ದೇ ಇಲ್ವಲ್ಲ, ಅದಕ್ಕೆ ನಿಮ್ಗೆ ಗೊತ್ತಿಲ್ಲ. ನೋಡ್ಕೋತೀನಿ ಮಾಸ್ಟ್ರೇ ನಿಮ್ಮನ್ನ."

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಮೆಲ್ಲಗೆ ಕೇಳಿದರು.

"ಮುಂದಿನ ಭಾನುವಾರ ನೀನು ಎಲ್ಲಿರ್ತೀಯ ಪುಟ್ಟಿ?"

ಜೀರುಂಡೆ ತಲೆಯೆತ್ತಿದಳು. ಮುಖದ ತುಂಬ ಕಣ್ಣೀರು, ಆದರೆ ಹುಬ್ಬು ಗಂಟಿಕ್ಕಿದ ರೀತಿ ನೋಡಿದರೆ ಅಜ್ಜಿ ಏನೋ ಅಸಂಬದ್ಧ ಪ್ರಶ್ನೆ ಕೇಳಿದ ಹಾಗಿತ್ತು.

"ಇಲ್ಲೇ," ಎಂದಳು. "ಇವರನ್ನ ಸೋಲಿಸಬೇಡ್ವಾ ನಾನು?"

ಅಜ್ಜಿ ಅವಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬಂದಾಗಿನಿಂದ ತೊಡೆಯ ಮೇಲಿದ್ದ ಕೈಚೀಲವನ್ನು ತೆಗೆದು ನೆಲದ ಮೇಲಿಟ್ಟರು. "ಆ ಟೀ ತಣ್ಣಗಾಗುತ್ತೆ, ಕೊಡಪ್ಪ ಇಲ್ಲಿ," ಎಂದರು ಅಳಿಯನಿಗೆ. ನಾನು ಬಗ್ಗಿ ಮೇಜಿನ ಕೆಳಗೆ ಬಿದ್ದ ಬಿಲ್ಲೆಗಳನ್ನು ಹುಡುಕತೊಡಗಿದೆ. ಬಿದ್ದದ್ದು ನಾಲ್ಕೇ ಬಿಲ್ಲೆ. ನಾನು ಅಲ್ಲಿ ಬಹಳ ಹೊತ್ತು ಹುಡುಕಿದೆ.